ಮೊಣಕಾಲಿನ ಮೃದ್ವಸ್ಥಿಗೆ ನ್ಯಾನೊಕಣದ ಮದ್ದು

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯಲ್ಲಿ ಭತ್ತದ ನಾಟಿ ಶುರು. ಹೆಣ್ಣಾಳುಗಳು ಸಾಲು ಹಿಡಿದು, ನಡು ಬಗ್ಗಿಸಿ, ಕೆಸರಿನಲ್ಲಿ ಹಿಂದಕ್ಕೆ ಸರಿಯುತ್ತ ಸಸಿ ಊರುತ್ತಾರೆ. ಪ್ರತಿ ಹೆಜ್ಜೆಗೂ ಕೆಸರು ಪಾದವನ್ನು ಹಿಡಿದೆಳೆಯುತ್ತದೆ, ಅದನ್ನು ಬಿಡಿಸಿಕೊಳ್ಳುವ ಶ್ರಮವೆಲ್ಲ ಮೊಣಕಾಲಿನದು. ಮಸ್ಕಿ, ಲಿಂಗಸುಗೂರಿನ ಒಣಬೇಸಾಯದ ಹೊಲಗಳಲ್ಲಿ ಕೆಲಸದ ಭಂಗಿ ಬೇರೆ. ಶೇಂಗಾ, ತೊಗರಿ, ಹತ್ತಿ ಸಾಲುಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತು, ಕುರ್ಚಿಗಿ ಹಿಡಿದು, ಕೂತಲ್ಲೇ ಮುಂದಕ್ಕೆ ಸರಿಯುತ್ತ ಕಳೆ ತೆಗೆಯಬೇಕು. ಲಿಂಗಸುಗೂರು ತಾಲ್ಲೂಕಿನದೇ ಆದ ಹಟ್ಟಿ ಚಿನ್ನದ ಗಣಿಯಲ್ಲಿ ನೆಲದಡಿ ದುಡಿಯುವವರ ಮೊಣಕಾಲಿಗೂ ಬಿಡುವಿಲ್ಲ. ಐವತ್ತು ದಾಟುವ ಹೊತ್ತಿಗೆ ಈ ಊರುಗಳಲ್ಲಿ ಕೇಳಿಬರುವ ಮಾತು ಒಂದೇ: ‘ಮೊಣಕಾಲು ಬ್ಯಾನಿ, ಎದ್ದರ ಕೂಡಾಕ ಬರಂಗಿಲ್ಲ, ಕೂತರ ಏಳಾಕ ಬರಂಗಿಲ್ಲ.’

ವೈದ್ಯರು ಚೀಟಿಯಲ್ಲಿ ಇದನ್ನು ಆಸ್ಟಿಯೊಆರ್ಥ್ರೈಟಿಸ್ ಎಂದು ಬರೆಯುತ್ತಾರೆ. ಕನ್ನಡದಲ್ಲಿ ಅಸ್ಥಿಸಂಧಿವಾತ ಎಂಬ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ಅವರಲ್ಲಿ ನೂರಕ್ಕೆ ಅರವತ್ತು ಮಂದಿ ಹೆಂಗಸರು, ಮತ್ತು ಹೆಚ್ಚು ಬಾಧೆಗೊಳಗಾಗುವ ಕೀಲು ಮೊಣಕಾಲೇ. ಭಾರತದ ಐದು ಕಡೆ ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ನೂರಕ್ಕೆ 28.7 ಮಂದಿಯಲ್ಲಿ ಮೊಣಕಾಲಿನ ಅಸ್ಥಿಸಂಧಿವಾತ ಕಂಡುಬಂದಿತ್ತು. ಇಷ್ಟು ಜನರನ್ನು ಕಾಡುವ ಈ ರೋಗವನ್ನು ಬೇರಿನಲ್ಲೇ ತಡೆಯುವ ಒಂದು ಔಷಧವೂ ಇಂದಿಗೆ ವೈದ್ಯರ ಕೈಯಲ್ಲಿಲ್ಲ. ಇರುವುದೆಲ್ಲ ನೋವು ಇಳಿಸುವ ಗುಳಿಗೆ, ಕೀಲಿಗೆ ಕೊಡುವ ಸೂಜಿ, ಕೊನೆಗೆ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ. ಈ ಕೊರತೆಯನ್ನು ತುಂಬಲು ಹೊರಟ ಸಂಶೋಧನೆಗಳಲ್ಲಿ ಒಂದು, ಉರಿಯೂತ ತಗ್ಗಿಸುವ ಮದ್ದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿ ತುಂಬಿ, ಮೊದಲು ಮೃದ್ವಸ್ಥಿಯ ಜೀವಕೋಶಗಳ ಮೇಲೆ ಪರೀಕ್ಷಿಸುವುದು. ಈ ಕೆಲಸದ ಒಂದು ಗಟ್ಟಿ ಉದಾಹರಣೆ ಬೆಂಗಳೂರಿನಲ್ಲೇ ಇದೆ.

ಮೃದ್ವಸ್ಥಿಯನ್ನು ನೋಡಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಕೋಳಿಕಾಲಿನ ಎಲುಬಿನ ತುದಿಯಲ್ಲಿ ಬಿಳುಪಾಗಿ, ನುಣ್ಣಗೆ, ಹಲ್ಲಿಗೆ ಕರುಮ್ ಎನ್ನುವ ಪದರವೇ ಅದು. ಮನುಷ್ಯನ ಮೊಣಕಾಲಿನಲ್ಲಿ ಅದರ ದಪ್ಪ ಸುಮಾರು ಎರಡರಿಂದ ನಾಲ್ಕು ಮಿಲಿಮೀಟರು. ಹೆಚ್ಚಿನ ಪಾಲು ನೀರು. ಆ ನೀರನ್ನು ಹಿಡಿದಿಡಲು ಕೊಲಾಜನ್ ಎಂಬ ನಾರಿನ ಬಲೆ, ಬಲೆಯ ಕಣ್ಣುಗಳಲ್ಲಿ ಅಗ್ರಿಕ್ಯಾನ್ ಎಂಬ ಜೊಂಡಿನಂಥ ಅಣುಗಳು. ಈ ಅಣುಗಳು ಋಣ ವಿದ್ಯುದಂಶ ಹೊತ್ತಿರುವುದರಿಂದ ಒಂದನ್ನೊಂದು ತಳ್ಳುತ್ತ, ನೀರನ್ನು ಒಳಗೆ ಸೆಳೆಯುತ್ತ, ಹಾಸಿಗೆ ಉಬ್ಬಿದ ಹಾಗೆ ಉಬ್ಬಿಕೊಂಡಿರುತ್ತವೆ. ಭಾರ ಬಿದ್ದಾಗ ನೀರು ಸರಿಯುತ್ತದೆ, ಭಾರ ಇಳಿದಾಗ ಮರಳುತ್ತದೆ. ಇದೆಲ್ಲವನ್ನೂ ನೇಯ್ದು ಕಾಪಾಡುವ ಜೀವಕೋಶಗಳು ಇಡೀ ಪದರದ ಗಾತ್ರದಲ್ಲಿ ನೂರಕ್ಕೆ ಒಂದರಿಂದ ಐದು ಪಾಲು ಮಾತ್ರ. ಅಲ್ಲಿಗೆ ರಕ್ತನಾಳ ಇಲ್ಲ, ನರವೂ ಇಲ್ಲ. ಆದ್ದರಿಂದಲೇ ಗಾಯವಾದರೆ ಅಲ್ಲಿ ಮಾಯುವುದಿಲ್ಲ, ಸವೆತ ಶುರುವಾದಾಗ ನೋವೂ ತಿಳಿಯುವುದಿಲ್ಲ. ಒಮ್ಮೆ ಹಾಳಾದ ಮೃದ್ವಸ್ಥಿ ಮರಳಿ ಕೂಡಿಕೊಳ್ಳದು ಎಂಬುದನ್ನು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿಟ್ಟಿದ್ದ.

‘ಚಿಪ್ಪು ಸವೆದಿದೆ’, ‘ಗ್ರೀಸ್ ಮುಗಿದಿದೆ’ ಎಂದು ರೋಗಿಗಳಿಗೆ ಹೇಳುವುದು ರೂಢಿ. ಮಾತು ತಕ್ಷಣ ತಿಳಿಯುತ್ತದೆ, ಆದರೆ ಅರ್ಧ ಸತ್ಯ. ಬಂಡಿಯ ಗಾಲಿಯ ಹಾಗೆ ಕೀಲು ತಾನಾಗಿ ತಿಕ್ಕಿ ಸವೆಯುವುದಿಲ್ಲ. ಭಾರ, ಪೆಟ್ಟು, ವಯಸ್ಸು, ಬೊಜ್ಜುಗಳಿಂದ ಒತ್ತಡಕ್ಕೆ ಸಿಕ್ಕ ಕೋಶಗಳು ಸಂಕೇತ ತಪ್ಪಿ, ತಾವೇ ಕಟ್ಟಿದ ಬಲೆಯನ್ನು ತಾವೇ ಕತ್ತರಿಸತೊಡಗುತ್ತವೆ. ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಪ್ರೋಟೀನು ಕೋಶದ ಮೇಲ್ಮೈಗೆ ಬಂದು ತಟ್ಟಿದರೆ, ಒಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಕೀಲಿ ತಿರುಗುತ್ತದೆ. ಆಗ ಎಂಎಂಪಿ-13 ಎಂಬ ಕಿಣ್ವ ಹೊರಬಂದು ಕೊಲಾಜನ್ನನ್ನೂ, ಅಡಾಮ್ಟ್ಸ್-5 ಎಂಬುದು ಅಗ್ರಿಕ್ಯಾನನ್ನೂ ತುಂಡರಿಸುತ್ತವೆ. ತುಂಡುಗಳು ಕೀಲಿನೊಳಗಿನ ರಸದಲ್ಲಿ ಸೇರಿ ಸುತ್ತಲಿನ ಪೊರೆಯನ್ನು ಕೆರಳಿಸುತ್ತವೆ, ಕೆರಳಿದ ಪೊರೆ ಮತ್ತಷ್ಟು ಇಂಟರ್‌ಲ್ಯೂಕಿನ್ ಸುರಿಸುತ್ತದೆ. ಇದೇ ಉರಿಯೂತದ ಸುಳಿ. ಇದನ್ನು ಕೋಶದ ಮಟ್ಟದಲ್ಲೇ ನಿಲ್ಲಿಸುವುದು ಸಂಶೋಧಕರ ಗುರಿ.

ಪ್ರಯೋಗಾಲಯದಲ್ಲಿ ಈ ಸುಳಿಯನ್ನು ನಿಲ್ಲಿಸಬಲ್ಲ ಮದ್ದುಗಳಿಗೆ ಬರವಿಲ್ಲ. ಬರ ಇರುವುದು ಅವು ಕೀಲಿನಲ್ಲಿ ಉಳಿಯುವ ಕಾಲಕ್ಕೆ. ನುಂಗಿದ ಗುಳಿಗೆಗೆ ರಕ್ತನಾಳವಿಲ್ಲದ ಮೃದ್ವಸ್ಥಿಯನ್ನು ಮುಟ್ಟುವುದೇ ಕಷ್ಟ, ಮುಟ್ಟುವಷ್ಟು ನುಂಗಿದರೆ ಹೊಟ್ಟೆ, ಮೂತ್ರಪಿಂಡ ತಾಳವು. ನೇರವಾಗಿ ಕೀಲಿಗೇ ಚುಚ್ಚಿದರೆ ಸಣ್ಣ ಅಣುಗಳು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಸೋರಿಹೋಗುತ್ತವೆ. ಇಂಟರ್‌ಲ್ಯೂಕಿನ್-1ನ್ನು ತಡೆಯುವ ಅನಾಕಿನ್ರಾ ಎಂಬ ಮದ್ದನ್ನು 170 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2009ರಲ್ಲಿ ಬಂತು. ಮೊಣಕಾಲಿಗೆ ಒಂದು ಸೂಜಿ ಕೊಟ್ಟು ನಾಲ್ಕು ವಾರ ಕಾದರೂ ಬರೀ ಉಪ್ಪುನೀರಿನ ಸೂಜಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಸೂಜಿಯ ನಂತರ ರಕ್ತದಲ್ಲಿ ಅದರ ಅರ್ಧಾಯುಷ್ಯ, ಎಂದರೆ ಅದರ ಪ್ರಮಾಣ ಅರ್ಧಕ್ಕಿಳಿಯುವ ಕಾಲ, ಸುಮಾರು ನಾಲ್ಕು ಗಂಟೆ. ಕೀಲಿನಲ್ಲಿ ಬೀಡುಬಿಟ್ಟ ರೋಗವನ್ನು ಅರ್ಧ ದಿನವೂ ನಿಲ್ಲದ ಮದ್ದು ಗೆಲ್ಲುವುದಾದರೂ ಹೇಗೆ? ತಾಲ್ಲೂಕು ಕೇಂದ್ರಗಳಲ್ಲೂ ಕೊಡುವ ಸ್ಟಿರಾಯ್ಡ್ ಸೂಜಿಯ ಕಥೆ ಇನ್ನೂ ಕಹಿ. ಟ್ರಯಾಮ್ಸಿನೊಲೋನ್ ಸೂಜಿಯನ್ನು ಮೂರು ತಿಂಗಳಿಗೊಮ್ಮೆ ಎರಡು ವರ್ಷ ಪಡೆದವರಲ್ಲಿ ಮೃದ್ವಸ್ಥಿ ಹೆಚ್ಚು ಕರಗಿತ್ತು, ನೋವಿನಲ್ಲಿ ಗಣನೀಯ ವ್ಯತ್ಯಾಸವೂ ಇರಲಿಲ್ಲ ಎಂದು 140 ಜನರ ಮೇಲಿನ ಅಮೆರಿಕದ ಅಧ್ಯಯನ 2017ರಲ್ಲಿ ತೋರಿಸಿತು. ಬೇಗ ಆರಾಮ ಸಿಗುತ್ತದೆಂದು ಸೂಜಿಯ ಮೇಲೆ ಸೂಜಿ ಹಾಕಿಸಿಕೊಳ್ಳುವವರು ತಿಳಿಯಲೇಬೇಕಾದ ಸಂಗತಿ ಇದು.

ಮದ್ದನ್ನು ಕಣದೊಳಗೆ ಬಂಧಿಸುವ ಉಪಾಯ ಬಂದದ್ದು ಈ ಕಾರಣಕ್ಕೆ. ಒಂದು ನ್ಯಾನೊಮೀಟರು ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಕಣದ ಗಾತ್ರವೇ ಇಲ್ಲಿ ಹಣೆಬರಹ. ಸ್ವಿಟ್ಜರ್ಲೆಂಡಿನಲ್ಲಿ ಜೆಫ್ರಿ ಹಬ್ಬೆಲ್ ಅವರ ತಂಡ 2008ರಲ್ಲಿ ಎರಡು ಗಾತ್ರದ ಕಣಗಳನ್ನು ಹೋಲಿಸಿತು. 38 ನ್ಯಾನೊಮೀಟರಿನವು ಮೃದ್ವಸ್ಥಿಯ ಬಲೆಯೊಳಗೆ ನುಸುಳಿದವು, 96ರವು ಹೊರಗೇ ಉಳಿದವು. ಕೊಲಾಜನ್ನಿಗೆ ಅಂಟಿಕೊಳ್ಳುವ, ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನು ತುಣುಕನ್ನು ಹೊದಿಸಿದಾಗ ನುಸುಳಿದ ಕಣಗಳು ಅಲ್ಲೇ ನೆಲೆ ನಿಂತವು. ಅಮೆರಿಕದ ಎಂಐಟಿಯಲ್ಲಿ ಪೌಲಾ ಹ್ಯಾಮಂಡ್ ಅವರ ತಂಡ ಹಿಡಿದ ದಾರಿ ವಿದ್ಯುದಂಶದ್ದು. ಮೃದ್ವಸ್ಥಿ ಋಣವಾದರೆ ಕಣ ಧನವಾಗಿರಲಿ, ತಾನಾಗಿ ಸೆಳೆತ ಹುಟ್ಟುತ್ತದೆ ಎಂಬುದು ಅದರ ತರ್ಕ. ಡೆಂಡ್ರಿಮರ್ ಎಂಬ ಕವಲುಕವಲಾದ ಅಣುವಿಗೆ ಬೆಳವಣಿಗೆಯ ಪ್ರೋಟೀನೊಂದನ್ನು ಕಟ್ಟಿ ಬಿಟ್ಟಾಗ ಅದು ಮನುಷ್ಯರ ಮೃದ್ವಸ್ಥಿಯಷ್ಟೇ ದಪ್ಪದ ದನದ ಮೃದ್ವಸ್ಥಿಯನ್ನು ಎರಡು ದಿನದಲ್ಲಿ ಹಾದುಹೋಯಿತು, ಇಲಿಯ ಮೊಣಕಾಲಿನಲ್ಲಿ 30 ದಿನದವರೆಗೆ ಉಳಿಯಿತು. 2018ರ ಫಲಿತಾಂಶವಿದು.

ಸಣ್ಣ ಕಣ ಒಳಗೆ ನುಗ್ಗುತ್ತದೆ, ಆದರೆ ಸುಲಭವಾಗಿ ಹೊರಕ್ಕೂ ಸೋರಬಹುದು. ದೊಡ್ಡ ಕಣ ಒಳಗೆ ನುಗ್ಗಲಾರದು, ಆದರೆ ಕೀಲಿನ ಚೀಲದಲ್ಲೇ ಕೂತು ದಿನವೂ ಇಷ್ಟಿಷ್ಟೇ ಮದ್ದು ಬಿಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಿಡಿದದ್ದು ಈ ಎರಡನೆಯ ದಾರಿಯನ್ನು. ಅಲ್ಲಿ ಆಗ ಜೈವಿಕ ವ್ಯವಸ್ಥೆಗಳ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿದ್ದ ರಚಿತ್ ಅಗರ್ವಾಲ್ ಅವರ ಪ್ರಯೋಗಾಲಯ, ಕಾಮಿನಿ ಧನಬಾಲನ್ ಮುಂದಾಳತ್ವದ ಎರಡು ಲೇಖನಗಳಲ್ಲಿ, 2020 ಮತ್ತು 2023ರಲ್ಲಿ, ತನ್ನ ಕೆಲಸವನ್ನು ಪ್ರಕಟಿಸಿತು. ಅವರ ಕಣಗಳು ನ್ಯಾನೊ ಅಲ್ಲ, ಅದಕ್ಕಿಂತ ದೊಡ್ಡ ಮೈಕ್ರೊ ಅಳತೆಯವು. ಪರೀಕ್ಷೆಯ ಕ್ರಮ ಮಾತ್ರ ಎರಡಕ್ಕೂ ಒಂದೇ.

ಅವರು ಆರಿಸಿದ ಮದ್ದು ರಾಪಮೈಸಿನ್. ಅದರ ಕಥೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪಕ್ಕೆ 1964ರಲ್ಲಿ ಕೆನಡಾದ ತಂಡವೊಂದು ಹೋಗಿ ಮಣ್ಣಿನ ಮಾದರಿ ತಂದಿತು. ದ್ವೀಪದವರು ತಮ್ಮ ನೆಲವನ್ನು ರಾಪಾ ನೂಯಿ ಎನ್ನುತ್ತಾರೆ, ಮದ್ದಿನ ಹೆಸರು ಅಲ್ಲಿಂದಲೇ ಬಂತು. ಆ ಮಣ್ಣಿನ ಸೂಕ್ಷ್ಮಜೀವಿಯಿಂದ ಅದನ್ನು ಬೇರ್ಪಡಿಸಿದವರು ಮಾಂಟ್ರಿಯಲ್‌ನ ಔಷಧ ಪ್ರಯೋಗಾಲಯದಲ್ಲಿದ್ದ ಭಾರತೀಯ ಮೂಲದ ವಿಜ್ಞಾನಿ ಸುರೇಂದ್ರನಾಥ ಸೆಹಗಲ್. ಪ್ರಯೋಗಾಲಯ ಮುಚ್ಚಿ ಕೆಲಸ ನಿಂತಾಗ ಮಾದರಿಯನ್ನು ಮನೆಯ ಫ್ರೀಜರಿನಲ್ಲಿಟ್ಟು ಕಾಪಾಡಿದವರೂ ಅವರೇ. ಅದು 1999ರಲ್ಲಿ ಮೂತ್ರಪಿಂಡ ಕಸಿಯಾದವರಿಗೆ ಅಮೆರಿಕದಲ್ಲಿ ಅನುಮತಿ ಪಡೆಯಿತು. ಕೋಶವು ತನ್ನೊಳಗಿನ ಕಸವನ್ನು ತಾನೇ ಜೀರ್ಣಿಸಿಕೊಳ್ಳುವ ಸ್ವಭಕ್ಷಣ ಕ್ರಿಯೆಯನ್ನು ರಾಪಮೈಸಿನ್ ಚುರುಕುಗೊಳಿಸುತ್ತದೆ. ಇದೇ ಕ್ರಿಯೆಯ ಸಂಶೋಧನೆಗೆ ಜಪಾನಿನ ಯೋಶಿನೊರಿ ಓಸುಮಿ ಅವರಿಗೆ 2016ರ ನೊಬೆಲ್ ಸಿಕ್ಕಿತು. ವಯಸ್ಸಾದ ಮೃದ್ವಸ್ಥಿ ಕೋಶಗಳಲ್ಲಿ ಕುಂದುವುದೂ ಇದೇ. ಇಲಿಗಳಲ್ಲಿ ರಾಪಮೈಸಿನ್ ರೋಗದ ತೀವ್ರತೆ ತಗ್ಗಿಸುತ್ತದೆ ಎಂಬುದು 2012ರಲ್ಲೇ ಗೊತ್ತಿತ್ತು. ಆದರೆ ಅದನ್ನು ಇಡೀ ದೇಹಕ್ಕೆ ಕೊಟ್ಟರೆ ರೋಗನಿರೋಧಕ ಶಕ್ತಿಯೇ ಕುಸಿಯುತ್ತದೆ. ಮೊಣಕಾಲಿಗಷ್ಟೇ ಸೀಮಿತಗೊಳಿಸಿ ಕೊಡುವ ಬಗೆ ಬೇಕಿತ್ತು.

ಕಣದ ಕವಚ ಪಿಎಲ್‌ಜಿಎ ಎಂಬ ಪಾಲಿಮರು. ಆಪರೇಷನ್ ಆದಾಗ ಒಳಗೆ ಹಾಕುವ, ಬಿಚ್ಚಬೇಕಿಲ್ಲದ ಕರಗುವ ದಾರ ಇದೇ ಬಳಗದ್ದು. ಮೈಯೊಳಗೆ ಅದು ಲ್ಯಾಕ್ಟಿಕ್ ಆಮ್ಲ, ಗ್ಲೈಕಾಲಿಕ್ ಆಮ್ಲಗಳಾಗಿ ಒಡೆದುಹೋಗುತ್ತದೆ. ಕಣ ಮಾಡುವ ಬಗೆ ಮಜ್ಜಿಗೆ ಕಡೆಯುವುದಕ್ಕೆ ಹತ್ತಿರ. ಪಾಲಿಮರನ್ನೂ ಮದ್ದನ್ನೂ ಆವಿಯಾಗುವ ದ್ರಾವಕದಲ್ಲಿ ಕರಗಿಸಿ, ಸಾಬೂನಿನಂಥ ಗುಣದ ಪದಾರ್ಥ ಬೆರೆಸಿದ ನೀರಿನಲ್ಲಿ ಹಾಕಿ ರಭಸದಿಂದ ಕಡೆದರೆ ಹನಿಗಳು ಒಡೆಯುತ್ತವೆ. ದ್ರಾವಕ ಆರಿದ ಮೇಲೆ ಪ್ರತಿ ಹನಿಯೂ ಗಟ್ಟಿ ಗೋಲಿ. ಕಡೆಯುವ ವೇಗ ಹೆಚ್ಚಿದಷ್ಟೂ ಗೋಲಿ ಸಣ್ಣದು. ತೊಳೆದು, ಹೆಪ್ಪುಗಟ್ಟಿಸಿ ಒಣಗಿಸಿದರೆ ಸೀಸೆಯ ತಳದಲ್ಲಿ ಬಿಳಿ ಪುಡಿ ಉಳಿಯುತ್ತದೆ.

ಇನ್ನು ಪರೀಕ್ಷೆ. ಮೊಣಕಾಲು ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಎಲುಬಿನ ತುಂಡು ಸಾಮಾನ್ಯವಾಗಿ ಆಸ್ಪತ್ರೆಯ ಕಸಕ್ಕೆ ಹೋಗುತ್ತದೆ. ರೋಗಿಯ ಒಪ್ಪಿಗೆ, ನೈತಿಕ ಸಮಿತಿಯ ಅನುಮತಿ ಇದ್ದರೆ ಅದು ಪ್ರಯೋಗಾಲಯಕ್ಕೆ ಬರುತ್ತದೆ. ಇನ್ನೂ ಉಳಿದ ಮೃದ್ವಸ್ಥಿಯನ್ನು ಬ್ಲೇಡಿನಿಂದ ಹೆರೆದು, ಕೊಚ್ಚಿ, ಕೊಲಾಜನ್ ಕರಗಿಸುವ ಕಿಣ್ವದಲ್ಲಿ ರಾತ್ರಿಯಿಡೀ ನೆನೆಸಿದರೆ ಕೋಶಗಳು ಬಿಡುಗಡೆಯಾಗುತ್ತವೆ. 37 ಡಿಗ್ರಿ ಶಾಖದ ಪೆಟ್ಟಿಗೆಯಲ್ಲಿ, ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ ಅವನ್ನು ಸಾಕಬೇಕು. ಚಪ್ಪಟೆ ತಟ್ಟೆಯಲ್ಲಿ ಹೆಚ್ಚು ದಿನ ಬೆಳೆಸಿದರೆ ಅವು ತಮ್ಮ ಜಾತಿಯನ್ನೇ ಮರೆತು, ಉದ್ದುದ್ದ ಚಾಚಿ, ಮೃದ್ವಸ್ಥಿಯ ಎರಡನೆಯ ಬಗೆಯ ಕೊಲಾಜನ್ ಬಿಟ್ಟು ಚರ್ಮದಲ್ಲಿರುವ ಮೊದಲನೆಯ ಬಗೆಯದನ್ನು ನೇಯತೊಡಗುತ್ತವೆ. ಬೆನ್ಯಾ ಮತ್ತು ಶಾಫರ್ 1982ರಲ್ಲಿ ಅಂಥ ಕೋಶಗಳನ್ನು ಅಗರೋಸ್ ಎಂಬ ಲೋಳೆಯಲ್ಲಿ ಹೂತಿಟ್ಟು ನೋಡಿದರು. ಕೋಶಗಳು ಮತ್ತೆ ದುಂಡಗಾಗಿ ಹಳೆಯ ಕಸುಬಿಗೆ ಮರಳಿದವು. ಆದ್ದರಿಂದ ಈಗಿನ ರೂಢಿ, ಕೋಶಗಳನ್ನು ಕೊಳವೆಯಲ್ಲಿ ಗರಗರ ತಿರುಗಿಸಿ ತಳದಲ್ಲಿ ಉಂಡೆ ಕಟ್ಟುವುದು. ಕೆಲವು ವಾರಗಳಲ್ಲಿ ಅದು ಸಾಸಿವೆ ಕಾಳಿನಷ್ಟು, ಮುತ್ತಿನಂತೆ ಮಾಸಲು ಹೊಳಪಿನ ಗುಂಡಾಗುತ್ತದೆ. ಅದು ಮೃದ್ವಸ್ಥಿಯ ಚಿಕ್ಕ ಪ್ರತಿರೂಪ.

ಈ ಗುಂಡಿಗೆ ಇಂಟರ್‌ಲ್ಯೂಕಿನ್-1 ಬೀಟಾ ಹಾಕಿದರೆ ಕಾಯಿಲೆ ಹುಟ್ಟಿದಂತೆ. ಆಮೇಲೆ ಒಂದು ಗುಂಪಿಗೆ ಮದ್ದು ತುಂಬಿದ ಕಣ, ಒಂದಕ್ಕೆ ಬಿಡಿ ಮದ್ದು, ಒಂದಕ್ಕೆ ಖಾಲಿ ಕಣ, ಒಂದಕ್ಕೆ ಏನೂ ಇಲ್ಲ. ಖಾಲಿ ಕಣದ ಗುಂಪನ್ನು ಬಿಟ್ಟ ಪರೀಕ್ಷೆಗೆ ಬೆಲೆಯಿಲ್ಲ, ಏಕೆಂದರೆ ಗುಣ ಮದ್ದಿನದೋ ಕವಚದ್ದೋ ತಿಳಿಯುವುದಿಲ್ಲ. ಕಣ ತಯಾರಿಸುವಾಗ ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಎಂಬ ವಿಷ ಒಂದು ಚೂರು ಸೇರಿದರೂ ಉರಿಯೂತ ಅದರಿಂದಲೇ ಏಳುತ್ತದೆ. ಫಲಿತಾಂಶವನ್ನು ಬಣ್ಣಗಳಲ್ಲಿ ಓದಬಹುದು. ಉರಿಯೂತದಲ್ಲಿ ಕೋಶ ಬಿಡುವ ನೈಟ್ರಿಕ್ ಆಕ್ಸೈಡಿನ ಅಂಶವಿದ್ದರೆ ಗ್ರೀಸ್ (Griess) ಎಂಬ ಪರೀಕ್ಷಾ ರಾಸಾಯನಿಕ ಗುಲಾಬಿಯಾಗುತ್ತದೆ. ಅಗ್ರಿಕ್ಯಾನಿನ ಸಕ್ಕರೆಸರಗಳನ್ನು ಸಂಧಿಸಿದಾಗ ಡಿಎಂಎಂಬಿ ಎಂಬ ನೀಲಿ ದ್ರಾವಣ ನೇರಳೆಗೆ ತಿರುಗುತ್ತದೆ. ಮುದಿಯಾಗಿ ವಿಭಜನೆ ನಿಲ್ಲಿಸಿದ ಕೋಶಗಳು ಇನ್ನೊಂದು ಪರೀಕ್ಷೆಯಲ್ಲಿ ನೀಲಿಯಾಗುತ್ತವೆ. ಇವುಗಳ ಜೊತೆ ಎಂಎಂಪಿ-13ರ ಮಟ್ಟ, ಕೋಶಗಳು ಬದುಕಿರುವ ಪ್ರಮಾಣ ಎಲ್ಲವನ್ನೂ ಅಳೆಯುತ್ತಾರೆ.

ಬೆಂಗಳೂರಿನ ಪರೀಕ್ಷೆಯಲ್ಲಿ ಕಣಗಳು ಹಲವು ವಾರ ಮದ್ದು ಬಿಡುತ್ತ ಹೋದವು. ಆಕ್ಸಿಡೀಕರಣದ ಒತ್ತಡ, ಡಿಎನ್‌ಎಗೆ ಪೆಟ್ಟು ಬೀಳುವ ಒತ್ತಡ ಎರಡನ್ನೂ ಕೊಟ್ಟಾಗ ಕೋಶಗಳು ಮುದಿಯಾಗುವುದು ತಪ್ಪಿತು, ಅಗ್ರಿಕ್ಯಾನಿನ ಸಕ್ಕರೆಸರಗಳ ತಯಾರಿ ನಿಲ್ಲಲಿಲ್ಲ. 2023ರ ಲೇಖನದಲ್ಲಿ ಬಳಸಿದ್ದು ರೋಗಿಗಳ ಮೊಣಕಾಲಿನಿಂದಲೇ ಪಡೆದ ಕೋಶಗಳು. ಇಲಿಗಳ ಕೀಲಿನಲ್ಲಿ ಕಣಗಳು 35 ದಿನದವರೆಗೆ ಉಳಿದವು. ಶಸ್ತ್ರಚಿಕಿತ್ಸೆಯಿಂದ ರೋಗ ಬರಿಸಿದ ಇಲಿಗಳಿಗೆ ಮುಂಚಿತವಾಗಿ ಕೊಟ್ಟರೂ, ರೋಗ ಶುರುವಾದ ಮೇಲೆ ಕೊಟ್ಟರೂ ಮೃದ್ವಸ್ಥಿಯ ಹಾನಿ ಮತ್ತು ಉರಿಯೂತ ತಗ್ಗಿದವು. ವಾರಕ್ಕೆ ಹಲವು ಸೂಜಿ ಬೇಕಾಗುತ್ತಿದ್ದ ಮದ್ದಿಗೆ ಇದು ದೊಡ್ಡ ಜಿಗಿತ. ಪಿಎಲ್‌ಜಿಎ ಕಣ ಮನುಷ್ಯರ ಕೀಲಿಗೆ ಹೊಸದೂ ಅಲ್ಲ. ಟ್ರಯಾಮ್ಸಿನೊಲೋನ್ ತುಂಬಿದ ಜಿಲ್ರೆಟಾ ಎಂಬ ಸೂಜಿಮದ್ದಿಗೆ ಅಮೆರಿಕ 2017ರ ಅಕ್ಟೋಬರಿನಲ್ಲಿ ಅನುಮತಿ ಕೊಟ್ಟಿದೆ, ಆದರೆ ನೋವಿಗೆ ಮಾತ್ರ.

ಇಲಿಯ ಮೊಣಕಾಲಿನ ಮೃದ್ವಸ್ಥಿ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲೂ ದಪ್ಪವಿಲ್ಲ. ಕೀಲಿನ ರಸದಿಂದ ಅಲ್ಲಿನ ಕೋಶಕ್ಕೆ ಮದ್ದು ಸಾಗಬೇಕಾದ ದೂರ ಅಷ್ಟೇ. ಮನುಷ್ಯರಲ್ಲಿ ಅದು ಹತ್ತಾರು ಪಟ್ಟು. ಅದಕ್ಕೇ ಮುಂದಿನ ಮೆಟ್ಟಿಲಲ್ಲಿ ಮೇಕೆ, ಕುರಿ, ಕುದುರೆಗಳ ಮೇಲೆ ಪರೀಕ್ಷೆ ನಡೆಸುತ್ತಾರೆ. ತಟ್ಟೆಯ ಪರೀಕ್ಷೆಗೆ ಇನ್ನೂ ಕೆಲವು ಕೊರತೆಗಳಿವೆ. ಅಲ್ಲಿ ಕೀಲಿನ ಪೊರೆ ಇಲ್ಲ, ರಕ್ಷಕ ಕೋಶಗಳಿಲ್ಲ, ಮೈಭಾರ ಇಲ್ಲವೇ ಇಲ್ಲ. ನಿಜವಾದ ಕೀಲಿಗೆ ಇಳಿದ ಕಣದ ಮೈಮೇಲೆ ಅಲ್ಲಿನ ಪ್ರೋಟೀನುಗಳು ಮೆತ್ತಿಕೊಂಡು ಅದರ ಗುಣವನ್ನೇ ಬದಲಿಸಬಹುದು. ಅರಿಶಿನದ ಕರ್ಕ್ಯುಮಿನ್ ಇದಕ್ಕೆ ಒಳ್ಳೆಯ ಪಾಠ. ತಟ್ಟೆಯಲ್ಲಿ ಅದು ಎನ್‌ಎಫ್-ಕಪ್ಪಾ-ಬಿಯನ್ನು ಸೊಗಸಾಗಿ ತಡೆಯುತ್ತದೆ, ಮೈಯೊಳಗೆ ಮಾತ್ರ ಸರಿಯಾಗಿ ಹೀರಿಕೆಯಾಗುವುದಿಲ್ಲ, ಬೇಗ ಒಡೆದುಹೋಗುತ್ತದೆ. ಅದನ್ನೂ ನ್ಯಾನೊಕಣಗಳಲ್ಲಿ ತುಂಬುವ ಪ್ರಯತ್ನ ಹಲವು ಕಡೆ ನಡೆದಿದೆ. ಪೊಟ್ಟಣದ ಮೇಲೆ ‘ನ್ಯಾನೊ’ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಮೊಣಕಾಲು ಗುಣವಾಗುತ್ತದೆಂದು ನಂಬಿ ದುಡ್ಡು ಸುರಿಯಬಾರದು.

ಮೃದ್ವಸ್ಥಿ ಬೆಳೆದರೂ ನೋವು ಹೋಗದಿರಬಹುದು ಎಂಬುದು ಇನ್ನೊಂದು ಕಠಿಣ ಸತ್ಯ. ಸ್ಪ್ರಿಫರ್ಮಿನ್ ಎಂಬ ಪ್ರೋಟೀನನ್ನು ಎರಡು ವರ್ಷ ಮನುಷ್ಯರಲ್ಲಿ ಪರೀಕ್ಷಿಸಿದಾಗ ಮೃದ್ವಸ್ಥಿಯ ದಪ್ಪದಲ್ಲಿ 0.05 ಮಿಲಿಮೀಟರಿನ ಲಾಭ ಕಂಡಿತು, ನೋವಿನ ಅಂಕಗಳಲ್ಲಿ ಅಂಥ ಲಾಭ ಕಾಣಲಿಲ್ಲ ಎಂದು 2019ರ ವರದಿ ಹೇಳಿತು. ಮನುಷ್ಯರ ಮೇಲಿನ ಇಂಥ ಪರೀಕ್ಷೆಗೆ ನಿಯಮಗಳೂ ಬೇಕು. ಕಣಮದ್ದುಗಳಿಗೆ ಭಾರತದಲ್ಲಿ ಅವು ಬಂದದ್ದೂ ಅದೇ ವರ್ಷ. ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಾವಳಿ ಜಾರಿಗೆ ಬಂತು, ಅಕ್ಟೋಬರಿನಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ನ್ಯಾನೊ ಔಷಧಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರಡಿಸಿತು.

ಮತ್ತೆ ರಾಯಚೂರು ಜಿಲ್ಲೆಗೆ. ಇಲ್ಲಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿಗೆ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ವರ್ಷಗಟ್ಟಲೆ ಹೆಚ್ಚು ಕುಡಿದವರ ಎಲುಬು, ಕೀಲುಗಳು ಬಿಗಿಯುತ್ತವೆ. ಆ ನೋವು ಮೇಲ್ನೋಟಕ್ಕೆ ಅಸ್ಥಿಸಂಧಿವಾತದಂತೆಯೇ ಕಾಣುತ್ತದೆ, ಆದರೆ ಅದಕ್ಕೆ ಮೊದಲ ಮದ್ದು ಶುದ್ಧ ನೀರು, ಯಾವ ಕಣವೂ ಅಲ್ಲ. ಎರಡನ್ನೂ ಬೇರ್ಪಡಿಸಿ ನೋಡದೆ ಇಲ್ಲಿ ಯಾವ ಹೊಸ ಮದ್ದಿನ ಗುಣವನ್ನೂ ಅಳೆಯಲಾಗದು. ಕುಕ್ಕರುಗಾಲಿನ ಪ್ರಶ್ನೆಯೂ ಇದೆ. ಚೀನಾದ ಬೀಜಿಂಗಿನಲ್ಲಿ ವಯಸ್ಸಾದವರನ್ನು, 25ರ ಪ್ರಾಯದಲ್ಲಿ ದಿನಕ್ಕೆ ಎಷ್ಟು ಹೊತ್ತು ಕುಕ್ಕರು ಕೂರುತ್ತಿದ್ದಿರಿ ಎಂದು ಕೇಳಿ ನಡೆಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಕೂತ ಹೊತ್ತು ಹೆಚ್ಚಿದ್ದವರಲ್ಲಿ ಮೊಣಕಾಲಿನ ರೋಗವೂ ಹೆಚ್ಚಿತ್ತು. ಮಸ್ಕಿಯ ಹೊಲದಲ್ಲಿ ಈ ಪ್ರಶ್ನೆ ಕೇಳಿದರೆ ಉತ್ತರ ಗಂಟೆಗಳಲ್ಲಿ ಬರುತ್ತದೆ.

ಪರೀಕ್ಷಾ ತಟ್ಟೆಗೆ ಬರುವ ಮನುಷ್ಯ ಕೋಶಗಳು ಬಹುಪಾಲು ಮೊಣಕಾಲು ಬದಲಿಸಿಕೊಂಡವರವು. ಕೃತಕ ಕೀಲಿನ ಬೆಲೆಗೆ 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿ, ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ 54,720 ರೂಪಾಯಿ ನಿಗದಿಪಡಿಸಿತು. ಆದರೂ ಕೂಲಿಯ ಹೆಣ್ಣುಮಗಳಿಗೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ದುಡಿಮೆ ಇಲ್ಲದ ವಿಶ್ರಾಂತಿ ಎರಡೂ ಎಟುಕದ ಮಾತು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲಾರದವಳ ಕೋಶ ತಟ್ಟೆಗೂ ಬರುವುದಿಲ್ಲ. ನಲವತ್ತು ವರ್ಷ ಗದ್ದೆಯಲ್ಲಿ ದುಡಿದ ಮೊಣಕಾಲಿನ ಕೋಶ ಕಣಮದ್ದಿಗೆ ಹೇಗೆ ಸ್ಪಂದಿಸುತ್ತದೆಂದು ತಿಳಿಯಬೇಕಾದರೆ ಆ ಕೋಶವೇ ಬೇಕು. ತಣ್ಣಗಿನ ಪೋಷಕ ದ್ರವದಲ್ಲಿಟ್ಟ ಮೃದ್ವಸ್ಥಿಯ ಕೋಶಗಳು ಒಂದು ದಿನವಾದರೂ ಜೀವಂತ ಉಳಿಯುತ್ತವೆ. ಈ ಜಿಲ್ಲೆಯ ಕೂಲಿಕಾರ ಹೆಂಗಸೊಬ್ಬಳಿಗೆ ರಾಯಚೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದರೆ, ಅವಳು ಒಪ್ಪಿದರೆ, ಸಂಜೆ ಐಸು ಡಬ್ಬಿಯಲ್ಲಿಟ್ಟ ತುಣುಕು ಬೆಂಗಳೂರು ತಲುಪಲು ರಾತ್ರಿಯ ಒಂದು ರೈಲು ಸಾಕು.